ಊಟವಾದ ಮೇಲೆ ಹೇಳುವ ಸುದ್ದಿ

ರಾಯಚೂರಿನಲ್ಲಿ ರೈಲು ಹತ್ತುವ ಹೊತ್ತಿಗೇ ನನಗೆ ಸಾಕಾಗಿಹೋಗಿತ್ತು. ಕೆಳಗಿನ ಬರ್ತ್ ಬೇಕೆಂದು ಕೇಳಿಕೊಂಡಿದ್ದರೂ ಸಿಕ್ಕಿದ್ದು ಮಧ್ಯದ್ದು. ಮಂಡಿನೋವಿನ ಮುದುಕನೊಬ್ಬ ಮಧ್ಯದ ಬರ್ತಿಗೆ ಏರುವುದನ್ನು ಎದುರಿನ ಸಂಸಾರ ಊಟ ನಿಲ್ಲಿಸಿ ನೋಡಿತು. ನಾನು ಹೊರಟಿದ್ದು ಮದುವೆಗಲ್ಲ, ಆಸ್ಪತ್ರೆಗಲ್ಲ. ಕಾಲೇಜಿನ ಹಳೆಯ ಗೆಳೆಯರ ಜೊತೆ ಒಂದು ಮಧ್ಯಾಹ್ನದ ಊಟಕ್ಕೆ. ಒಂದು ಊಟಕ್ಕಾಗಿ ನಾನೂರು ಕಿಲೋಮೀಟರು ಹೋಗಿ ಮಾರನೆಯ ದಿನವೇ ವಾಪಸು ಬರುವುದು ಬುದ್ಧಿಯಿರುವವರು ಮಾಡುವ ಕೆಲಸವಲ್ಲ ಎಂದು ಹೆಂಡತಿ ಹೇಳಿದ್ದಳು. ನಾನೂ ಅಲ್ಲಗಳೆದಿರಲಿಲ್ಲ.

ಹೊರಡಲು ಇದ್ದ ಕಾರಣ ಒಬ್ಬನೇ, ನಾಗರಾಜ. ಅರವತ್ತರ ದಶಕದಲ್ಲಿ ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುವಾಗ ಮೂರು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಆಮೇಲೆ ನಾನು ಮೇಷ್ಟ್ರಾಗಿ ರಾಯಚೂರು ಸೇರಿದೆ, ಅವನು ಬೆಂಗಳೂರಿನ ಹಲಸೂರು ಸೇರಿದ. ಮೊದಮೊದಲು ತಿಂಗಳಿಗೊಂದು ಪತ್ರ, ನಂತರ ಯುಗಾದಿಗೊಂದು, ಆಮೇಲೆ ಅದೂ ನಿಂತಿತು. ತೊಂಬತ್ತರ ದಶಕದ ನಡುವಿನಲ್ಲಿ ಗುರುಮೂರ್ತಿ ಎಂಬ ನಮ್ಮ ಸಹಪಾಠಿ ಬೆಂಗಳೂರಿನಲ್ಲಿದ್ದವರನ್ನೆಲ್ಲ ಹುಡುಕಿ ವರ್ಷಕ್ಕೊಮ್ಮೆ ತನ್ನ ಮನೆಯಲ್ಲಿ ಊಟಕ್ಕೆ ಸೇರಿಸತೊಡಗಿದ. ಪ್ರತಿ ಜನವರಿಯಲ್ಲೂ ನಮ್ಮ ಪಕ್ಕದ ಮನೆಯ ಫೋನಿಗೆ ಅವನ ಕರೆ ಬರುತ್ತಿತ್ತು.

"ನಿನ್ನ ರೂಂಮೇಟ್ ಒಂದ್ ವರ್ಷಾನೂ ತಪ್ಪಿಸಿಲ್ಲ ಕಣೋ. ನೀನೇ ಬರಲ್ಲ," ಎಂದು ಬಯ್ಯುತ್ತಿದ್ದ.

ಜನವರಿಯೆಂದರೆ ಮೇಷ್ಟ್ರಿಗೆ ಪಾಠ ಮುಗಿಸುವ ಗಡಿಬಿಡಿ. ನಿವೃತ್ತನಾದ ಮೇಲೆ ಆ ನೆಪ ಉಳಿಯಲಿಲ್ಲ. ಈ ಸಲ ಗುರುಮೂರ್ತಿ ನನಗೊಂದು ಕೆಲಸವನ್ನೂ ಹೊರಿಸಿದ. ನಾಗರಾಜನ ಮನೆಯಲ್ಲಿ ಫೋನಿಲ್ಲ, ಯಾವಾಗಲೂ ತಡವಾಗಿ ಬರುತ್ತಾನೆ, ನೀನೇ ಹಲಸೂರಿಗೆ ಹೋಗಿ ಕರೆದುಕೊಂಡು ಬಾ ಎಂದ. ಅವನು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಉಳಿದವರನ್ನು ನೋಡುವ ಆಸೆ ನನಗೆ ಅಷ್ಟಕ್ಕಷ್ಟೇ.

ಗುಂತಕಲ್ಲಿನಲ್ಲಿ ತಡವಾಗಿ, ಹಿಂದೂಪುರದಲ್ಲಿ ಇನ್ನಷ್ಟು ತಡವಾಗಿ, ಬೆಂಗಳೂರಿನ ಹೊಸ್ತಿಲಲ್ಲಿ ರೈಲು ಸಿಗ್ನಲ್ಲಿಗೆ ಕಾಯುತ್ತ ನಿಂತಿತು. ಕಿಟಕಿಯಾಚೆ ಕಾಕ್ಸ್‌ಟೌನ್ ಕಡೆಯ ಹೆಂಚಿನ ಮನೆಗಳು, ಒಂದು ಚರ್ಚಿನ ಗೋಪುರ, ಅದನ್ನು ಅರ್ಧ ಮರೆಮಾಡಿದ ಹೊಸ ಫ್ಲಾಟುಗಳು. ರಾಯಚೂರಿನವರಿಗೆ ಜನವರಿಯ ಬೆಂಗಳೂರಿನ ಚಳಿ ಚಳಿಯೇ. ಸ್ವೆಟರ್ ಪೆಟ್ಟಿಗೆಯ ತಳದಲ್ಲಿತ್ತು. ದಂಡು ನಿಲ್ದಾಣದಲ್ಲಿ ಇಳಿದಾಗ ಮಂಡಿ ಮಡಿಸಲು ಬಾರದಷ್ಟು ಬಿಗಿದಿತ್ತು. ಆಟೋದವನು ಮೊದಲು ತಮಿಳಿನಲ್ಲಿ ಕರೆದ, ನಾನು ತಿರುಗದ್ದನ್ನು ಕಂಡು ದಖ್ಖನಿಯಲ್ಲಿ ಕರೆದ, ಕೊನೆಗೆ ಕನ್ನಡದಲ್ಲಿ ಮೀಟರ್ ಮೇಲೆ ಹತ್ತು ರೂಪಾಯಿ ಕೇಳಿದ. ಮೂರು ಭಾಷೆಯ ಶ್ರಮ ಪಟ್ಟವನ ಜೊತೆ ಚೌಕಾಸಿ ಮಾಡುವ ಶಕ್ತಿ ನನಗಿರಲಿಲ್ಲ. ಶಿವಾಜಿನಗರದ ಬಸ್ ನಿಲ್ದಾಣದ ಎದುರು ಇಳಿದು, ಒಂದು ಹೋಟೆಲಿನಲ್ಲಿ ಮುಖ ತೊಳೆದು, ಇಡ್ಲಿ ತಿಂದು, ಕಾಫಿ ಕುಡಿದೆ. ಇಡ್ಲಿ ಬಿಸಿಯಾಗಿತ್ತು ಎನ್ನುವುದೊಂದೇ ಅದರ ಗುಣ. ಅಲ್ಲಿಂದ ಹಲಸೂರಿಗೆ ಬಸ್ಸು. ರಸಲ್ ಮಾರುಕಟ್ಟೆ ಕಡೆಯಿಂದ ಬಂದ ಹೂವಿನ ಬುಟ್ಟಿಗಳ ನಡುವೆ ನಿಂತೇ ಹೋದೆ.

ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯೊಂದರಲ್ಲಿ ಒಂದೇ ನಲ್ಲಿಗೆ ಐದು ಬಾಗಿಲಿನ ವಠಾರ. ಅಕ್ಕಿ ಆರಿಸುತ್ತಿದ್ದ ಹೆಂಗಸು ನಾಗರಾಜನ ಹೆಸರು ಕೇಳಿ ಒಂದು ಗಳಿಗೆ ನನ್ನ ಮುಖ ನೋಡಿ, ಕೊನೆಯ ಬಾಗಿಲಿನ ಕಡೆ ಕೈತೋರಿಸಿದಳು. ಬಾಗಿಲು ತೆರೆದವನದು ಅದೇ ಉದ್ದ ಮೂಗು, ಅದೇ ಅಗಲ ಹಣೆ. ಕೂದಲು ಮಾತ್ರ ಹೋಗಿತ್ತು. ಅದು ನನ್ನದೂ ಹೋಗಿದೆ. "ಲೋ ನಾಗಾ," ಎಂದು ಹೆಗಲ ಮೇಲೆ ಕೈ ಹಾಕಿದೆ. ಅವನು ತಬ್ಬಿಕೊಳ್ಳಲಿಲ್ಲ. ಯಾರು ಎಂದು ಕೇಳಿದ. ಚನ್ನಪ್ಪ ಎಂದೆ. ಅವನು ಪಕ್ಕಕ್ಕೆ ಸರಿದು ನನ್ನನ್ನು ಒಳಗೆ ಬಿಟ್ಟ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೋದಲ್ಲಿ ನನ್ನ ನಾಗರಾಜನಿದ್ದ.

"ನಾನು ಬಸವರಾಜ, ಸರ್. ತಮ್ಮ. ಅಣ್ಣ ಹೋಗಿ ಎಂಟು ವರ್ಷ ಆಯ್ತು," ಎಂದರು ಅವರು.

ಅಲ್ಲಿದ್ದ ಮಂಚದ ಮೇಲೆ ಕುಳಿತುಬಿಟ್ಟೆ. ಎಂಟು ವರ್ಷ. ಪ್ರತಿ ಜನವರಿಯೂ ಫೋನಿನಲ್ಲಿ ಅವನು ಚೆನ್ನಾಗಿದ್ದಾನೆ ಎಂದು ಕೇಳಿ, ಮುಂದಿನ ವರ್ಷ ನೋಡೋಣ ಎಂದುಕೊಂಡು ಪಾಠ ಮಾಡಲು ಹೋಗಿದ್ದೆ. ಅಳು ಬರಲಿಲ್ಲ, ಸಿಟ್ಟು ಬಂತು. ಹಾಗಾದರೆ ವರ್ಷವರ್ಷವೂ ಗುರುಮೂರ್ತಿಯ ಮನೆಗೆ ಹೋಗುತ್ತಿದ್ದವರು ಯಾರು ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

ಅವರು ಹೇಳಿದ್ದು ಇಷ್ಟು. ಅಣ್ಣ ತೀರಿಕೊಂಡ ಕೆಲವು ತಿಂಗಳಿಗೆ ಕೂಟದ ಮೊದಲ ಆಹ್ವಾನ ಅಂಚೆಯಲ್ಲಿ ಬಂತು. ಕಾಗದ ಬರೆದು ತಿಳಿಸುವುದು ಸರಿಯಲ್ಲ, ಹೋಗಿಯೇ ಹೇಳಬೇಕು ಎಂದು ಹೊರಟರು. ಗೇಟಿನಲ್ಲೇ ಗುರುಮೂರ್ತಿ "ಲೋ ನಾಗಾ" ಎಂದು ತಬ್ಬಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ಎಲೆಯ ಮುಂದೆ ಕೂರಿಸಿದರು. ಊಟಕ್ಕೆ ಕುಳಿತವರಿಗೆ ಸಾವಿನ ಸುದ್ದಿ ಹೇಳುವುದು ಹೇಗೆ? ಎಲ್ಲರೂ ಎದ್ದ ಮೇಲೆ ಹೇಳೋಣವೆಂದು ಕಾದರು. ಊಟದ ಜೊತೆಗೆ ಮಾತು, ಮಾತಿನ ಜೊತೆಗೆ ನಗು, ಆಮೇಲೆ ಕಾಫಿ. ಅಷ್ಟು ಹೊತ್ತು ನಾಗರಾಜನಾಗಿ ಉಂಡು ನಕ್ಕವರು, ನಾನು ಅವನಲ್ಲ ಎಂದು ಹೇಳಲಾರದೆ ಹೋದರು. ಮರುವರ್ಷ ತಪ್ಪು ಸರಿಪಡಿಸಲೆಂದೇ ಹೋದರು. ಮತ್ತೆ ಊಟ ಮೊದಲಾಯಿತು. ಕೂಟಕ್ಕೆ ಬರುವವರೆಲ್ಲ ನನ್ನಂತೆ ಎ ಸೆಕ್ಷನ್ನಿನವರು, ನಾಗರಾಜ ಇದ್ದದ್ದು ಬಿ ಸೆಕ್ಷನ್ನಿನಲ್ಲಿ. ಮೂವತ್ತು ವರ್ಷದ ಹಿಂದೆ ಪಕ್ಕದ ತರಗತಿಯಲ್ಲಿ ಕಂಡ ಮೂಗನ್ನು ಅವರು ಗುರುತು ಹಿಡಿದದ್ದೇ ಹೆಚ್ಚು.

ಇದನ್ನೆಲ್ಲ ಹೇಳುತ್ತಲೇ ಅವರು ಇಸ್ತ್ರಿ ಮಾಡಿಟ್ಟ ಅಂಗಿ ಹಾಕಿಕೊಳ್ಳುತ್ತಿದ್ದರು. ನನ್ನ ಹೆಂಡತಿ ನಾಗರಾಜನಿಗೆಂದು ಕಟ್ಟಿಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿಯನ್ನು ಫೋಟೋದ ಕೆಳಗಿಟ್ಟು ನಾನೂ ಹೊರಬಿದ್ದೆ.

ಗುರುಮೂರ್ತಿಯ ಮನೆ ಕಗ್ಗದಾಸಪುರದಲ್ಲಿ. ಹಲಸೂರಿನಿಂದ ಆಟೋ ಹಿಡಿದೆವು. ಇಂದಿರಾನಗರದಲ್ಲಿ ಮನೆಗಳ ಮುಂದಿನ ತೋಟ ಕಡಿದು ಬಟ್ಟೆಯಂಗಡಿ, ಕಾಫಿಯಂಗಡಿಗಳ ಗಾಜು ಕೂರಿಸುತ್ತಿದ್ದರು. ಹಳೆ ಮದ್ರಾಸು ರಸ್ತೆಯ ಲಾರಿಗಳ ಹೊಗೆ ಕುಡಿಯುತ್ತ, ಅಲ್ಲಿಂದ ಒಳದಾರಿ ಹಿಡಿದು ಕಗ್ಗದಾಸಪುರದ ರೈಲ್ವೆ ಗೇಟಿಗೆ ಬಂದಾಗ ಗೇಟು ಮುಚ್ಚಿತ್ತು. ಆಟೋದವನು ಇಂಜಿನ್ ಆರಿಸಿ ಕೆಳಗಿಳಿದ.

"ಇವತ್ತು ನೀವು ಹೇಳ್ಬೇಕು," ಎಂದೆ. "ಇಲ್ಲಾಂದ್ರೆ ನಾನು ಹೇಳ್ತೀನಿ. ಅವನಿಗೆ ಅಳೋರು ಒಬ್ರೂ ಇಲ್ದಂಗೆ ಮಾಡಿದೀರಿ ನೀವು."

ಅವರು ತಲೆಯಾಡಿಸಿದರು. ಮನೆಯಲ್ಲಿ ಒಬ್ಬನನ್ನು ಮಾತ್ರ ಓದಿಸುವ ಶಕ್ತಿ ಇತ್ತು, ಅಣ್ಣ ಓದಿದ, ತಾನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿ ಕೆ.ಆರ್. ಪುರದ ಆಚೆಯ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿದೆ ಎಂದರು. ಅದಕ್ಕೇನೂ ಬೇಸರವಿಲ್ಲ. ಹೆಂಡತಿ ಹೋದಳು, ಅಣ್ಣ ಹೋದ. ವಠಾರದವರು ಯಜಮಾನ್ರೇ ಎನ್ನುತ್ತಾರೆ, ಅಂಗಡಿಯವರು ಸಾರ್ ಎನ್ನುತ್ತಾರೆ.

"ನನ್ನ 'ಲೋ' ಅನ್ನೋರು ವರ್ಷಕ್ಕೊಂದು ದಿನ ಸಿಗ್ತಾರೆ ಸರ್," ಎಂದರು. "ಇವತ್ತು ಹೇಳಿದ್ರೆ ಅದೂ ಹೋಗುತ್ತೆ. ಆದ್ರೂ ಹೇಳ್ತೀನಿ. ಊಟ ಆಗ್ಲಿ."

ಗೂಡ್ಸ್ ಗಾಡಿಯೊಂದು ಸಾವಕಾಶವಾಗಿ ಹಾದುಹೋಯಿತು. ನನ್ನ ಸಿಟ್ಟೂ ಆಯಾಸದ ಜೊತೆ ಕಲಸಿಹೋಗಿ, ಯಾವುದು ಯಾವುದೆಂದು ತಿಳಿಯದಾಯಿತು.

ಗುರುಮೂರ್ತಿಯ ಮಹಡಿಯ ಮೇಲೆ ಶಾಮಿಯಾನ ಕಟ್ಟಿ ಹನ್ನೆರಡು ಜನ ಸೇರಿದ್ದರು. ಮೆಟ್ಟಿಲು ಹತ್ತಿ ಬಂದವರೆಲ್ಲ ಮೊದಲು ಕುರ್ಚಿ ಹುಡುಕಿ, ಆಮೇಲೆ ಗೆಳೆಯರನ್ನು ಹುಡುಕುತ್ತಿದ್ದರು. ಮಾತೆಲ್ಲ ಬಿ.ಪಿ., ಸಕ್ಕರೆ, ಕಣ್ಣಿನ ಪೊರೆ. ಯಾರ ಡಾಕ್ಟರು ಯಾರಿಗಿಂತ ಒಳ್ಳೆಯವರು ಎಂಬ ವಾದದಲ್ಲಿ ಒಂದು ಗಂಟೆ ಹೋಯಿತು. ದಾವಣಗೆರೆಯವರ ಕೂಟವಾದ್ದರಿಂದ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇರಲೇಬೇಕು, ಇತ್ತು. ತಿನ್ನುವವರು ಮಾತ್ರ ಕಡಿಮೆ. ನಮ್ಮ ತರಗತಿಯ ನಾಲ್ಕು ಹುಡುಗಿಯರಲ್ಲಿ ಒಬ್ಬಳಾದ ವಿಮಲಾ, ಈಗ ಮೂರು ಮೊಮ್ಮಕ್ಕಳ ಅಜ್ಜಿ, ಬಸವರಾಜರ ತಟ್ಟೆಗೆ ಬಜ್ಜಿ ಹಾಕುತ್ತ, "ಲೋ ನಾಗ, ನಿಂಗೆ ಯಾವ ಕಾಯಿಲೇನೂ ಇಲ್ವಲ್ಲೋ, ತಿನ್ನೋ ನೀನಾದ್ರೂ," ಎಂದಳು. "ಹಾಕೇ, ಹಾಕು," ಎಂದು ಅವರು ತಟ್ಟೆ ಮುಂದೊಡ್ಡಿದರು. ಬೆಳಿಗ್ಗೆ ನನ್ನೆದುರು ಸರ್ ಸರ್ ಎನ್ನುತ್ತಿದ್ದ ಮನುಷ್ಯ ಇವರೇನಾ ಎನಿಸಿತು. ಅಲ್ಲಿದ್ದವರಲ್ಲಿ ದಣಿಯದೆ ನಗುತ್ತಿದ್ದವರು ಅವರೊಬ್ಬರೇ.

ಊಟ ಮುಗಿದು ಎಲೆಯಡಿಕೆ ಬಂದಾಗ ಗುರುಮೂರ್ತಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಮೊದಲ ಸಲ ಬಂದಿದ್ದೀಯ, ನಿನ್ನ ರೂಂಮೇಟಿನ ಗುಟ್ಟುಗಳನ್ನು ಬಿಚ್ಚು ಎಂದ. ಎಲ್ಲರೂ ಕುರ್ಚಿ ತಿರುಗಿಸಿದರು. ಬೇರೇನೂ ತೋಚದೆ ನಾಗರಾಜನ ಬಗ್ಗೆ ನಿಜವನ್ನೇ ಹೇಳತೊಡಗಿದೆ. ಭಾನುವಾರ ರಾತ್ರಿ ಹಾಸ್ಟೆಲಿನಲ್ಲಿ ಅಡುಗೆಯಿಲ್ಲ. ನಾಗ ಒಗೆದ ಪಂಚೆ ಉಟ್ಟು ಊರಿನ ಯಾವುದಾದರೂ ಮದುವೆ ಮನೆಗೆ ನುಗ್ಗುತ್ತಿದ್ದ. ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆಯವನು, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆಯವನು. ಉಂಡು ಬರುವಾಗ ನನಗೆಂದು ಕರ್ಚೀಫಿನಲ್ಲಿ ಲಾಡು ಕಟ್ಟಿಕೊಂಡು ಬರುತ್ತಿದ್ದ. ಒಂದು ಸಲ ಹುಡುಗನ ಸೋದರಮಾವನೆಂದು ತಿಳಿದು ಅವನಿಗೆ ಪೇಟ ಸುತ್ತಿದರು. ಪೇಟದ ಸಮೇತ ಕೋಣೆಗೆ ಓಡಿಬಂದಿದ್ದ. ನಕ್ಕು ನಕ್ಕು ಒಬ್ಬರಿಗೆ ಕೆಮ್ಮು ಹತ್ತಿತು. ನನಗೆ ಜ್ವರ ಬಂದಾಗ ಎರಡು ರಾತ್ರಿ ಕುಳಿತೇ ಇದ್ದ, ಅಂಥವನು ನನಗೆ ಮತ್ತೆ ಸಿಗಲಿಲ್ಲ ಎಂದು ಸೇರಿಸಿದೆ. ಅದಕ್ಕೂ ಚಪ್ಪಾಳೆ ಬಿತ್ತು. ನನ್ನ ಗೆಳೆಯನಿಗೆ ಸಂತಾಪದ ಮಾತು ಆಡುತ್ತಿದ್ದೇನೆಂದು ಗೊತ್ತಿದ್ದವರು ಅಲ್ಲಿ ಇಬ್ಬರೇ. ಬಸವರಾಜರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಗುವಿನದೆಂದು ಉಳಿದವರು ತಿಳಿದರು.

ಅವರು ಎದ್ದು ನಿಂತರು. "ಇದು ನಂಗೂ ಗೊತ್ತಿರ್ಲಿಲ್ಲ," ಎಂದರು. "ನಾನು ನಾಗರಾಜ ಅಲ್ಲ. ಅವನ ತಮ್ಮ, ಬಸವರಾಜ. ಅಣ್ಣ ತೀರಿಹೋಗಿದಾನೆ."

ಮತ್ತೊಮ್ಮೆ ನಗು ಎದ್ದಿತು. ಇವನು ತಮಾಷೆ ಇನ್ನೂ ಬಿಟ್ಟಿಲ್ಲ ನೋಡು ಎಂದರು ಯಾರೋ. ವಿಮಲಾ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, "ಏನೋ ಇದು, ಚನ್ನಪ್ಪ?" ಎಂದು ಕೇಳಿದಳು.

"ನಿಜ," ಎಂದೆ. "ಎಂಟು ವರ್ಷ ಆಯ್ತಂತೆ. ನಂಗೂ ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಬೆಳಿಗ್ಗೆ ಆದದ್ದನ್ನೂ, ಮೊದಲ ವರ್ಷ ಊಟದೆದುರು ಅವರು ಸುಮ್ಮನಾದದ್ದನ್ನೂ ನಾನೇ ಹೇಳಿದೆ. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನವಾಗಿದ್ದೆವು. ವಿಮಲಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೂ ಆಗ ಅಳು ಬಂತು, ಬೆಳಿಗ್ಗೆಯಿಂದ ಬಾರದೇ ಇದ್ದದ್ದು. ಯಾರೂ ಬಸವರಾಜರನ್ನು ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತೇನೋ. ಗುರುಮೂರ್ತಿ ತನ್ನ ಕುರ್ಚಿಯನ್ನೇ ಎಳೆದು ಅವರ ಮುಂದಿಟ್ಟ. "ಕೂತ್ಕೊಳ್ಳಿ. ನೀವ್ಯಾಕೆ ನಿಂತಿದೀರಿ," ಎಂದ. ವಿಮಲಾ ನೀರು ತಂದು, "ತಗೊಳ್ರೀ," ಎಂದಳು. ಅವರು ಲೋಟ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ," ಎಂದರು. ಎಲ್ಲರೂ ಎಷ್ಟು ಮರ್ಯಾದೆಯಿಂದ ನಡೆದುಕೊಂಡರೆಂದರೆ ಅವರ ಪಕ್ಕದ ಎರಡು ಕುರ್ಚಿ ಕೊನೆಯವರೆಗೂ ಖಾಲಿಯಿದ್ದವು. ಬೀಳ್ಕೊಡುವಾಗ ಗುರುಮೂರ್ತಿ ಕೈಮುಗಿದು, ಮುಂದಿನ ವರ್ಷವೂ ತಾವು ಖಂಡಿತ ಬರಬೇಕು ಎಂದ. ಬೆಳಿಗ್ಗೆ ಅವರನ್ನು ನೀವು ಎನ್ನುತ್ತಿದ್ದವನು ನಾನೊಬ್ಬ. ಸಂಜೆಗೆ ಎಲ್ಲರೂ ನನ್ನ ಜೊತೆ ಸೇರಿದ್ದರು. ನಿಜ ಹೇಳಿಸಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಆದರೆ ಅದರ ಬೆಲೆ ತೆತ್ತವರು ಅವರು.

ವಾಪಸು ಹೋಗುವ ಗಾಡಿ ಸಂಜೆ ದಂಡು ನಿಲ್ದಾಣದಿಂದ. ಬೇಡವೆಂದರೂ ಬಸವರಾಜರು ನನ್ನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಎಚ್.ಎ.ಎಲ್. ಕಡೆಯಿಂದ ಬಂದ ಬಸ್ಸುಗಳೆಲ್ಲ ತುಂಬಿದ್ದವು, ಹಲಸೂರು ಕೆರೆಯ ಬಳಿ ವಾಹನಗಳ ಸಾಲು ಅಲುಗಲಿಲ್ಲ. ದಾರಿಯಲ್ಲಿ ಅವರು ಕೇಳಿದ್ದು ಒಂದೇ, ಆ ಪೇಟದ ಬಣ್ಣ ಯಾವುದೆಂದು. ನೆನಪಿಲ್ಲ ಎಂದೆ. ಈ ಸಲ ಕೆಳಗಿನ ಬರ್ತ್ ಸಿಕ್ಕಿತ್ತು. ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿ, ಇಳಿದು, ಕಿಟಕಿಯ ಹತ್ತಿರ ನಿಂತರು.

"ನೀರು ತಗೊಂಡ್ರಾ ಸರ್? ಹಿಂದೂಪುರದವರೆಗೂ ಸಿಗಲ್ಲ," ಎಂದರು.

ಇದೆ ಎಂದು ಬಾಟಲಿ ತೋರಿಸಿದೆ. ಸಿಗ್ನಲ್ ಬಿತ್ತು, ಗಾಡಿ ಒಮ್ಮೆ ಜಗ್ಗಿ ಹೊರಟಿತು.

"ಸಾಕು ಕಣೋ ಬಸವಾ," ಎಂದೆ. "ಚಳಿ ಶುರುವಾಯ್ತು. ಮನೆಗೆ ಹೋಗು ಇನ್ನ."

ಅವನು ಕಿಟಕಿಯ ಸರಳು ಹಿಡಿದುಕೊಂಡು ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದ.

"ನೀನ್ ಹೋಗು," ಎಂದ. "ನಾನ್ ಆಮೇಲೆ ಹೋಗ್ತೀನಿ."