ಎಂಜಿನ್ ಹಿಂದಿನ ಮೂರು ಬೋಗಿ

ಕೊರೊನಾ ಮುಗಿದ ಮರುವರ್ಷ ನಾನು ಆಫ್ರಿಕಾದ ಒಂದು ದೇಶದ ರೈಲ್ವೆಯಲ್ಲಿ ಸುರಕ್ಷತಾ ಸಲಹೆಗಾರನಾಗಿದ್ದೆ. ದೇಶದ ಹೆಸರು ಹೇಳುವುದಿಲ್ಲ ಎಂದು ಕರಾರಿಗೆ ಸಹಿ ಹಾಕಿದ್ದೇನೆ. ಗೋಧಿ, ಸಿಮೆಂಟು ಸಾಗಿಸುವ ಮಾರ್ಗ ಎಂದು ನಂಬಿ ಹೋಗಿದ್ದೆ. ಅಂತರ್ಯುದ್ಧ ಶುರುವಾಗಿ, ಆರೇ ತಿಂಗಳಲ್ಲಿ ಆ ಹಳಿಯ ಮೇಲೆ ಹೋಗುತ್ತಿದ್ದದ್ದು ಹೆಚ್ಚಾಗಿ ಸೈನ್ಯದ ಮದ್ದುಗುಂಡು. ಬಿಟ್ಟು ಬರಬಹುದಿತ್ತು. ಬರಲಿಲ್ಲ.

ನನ್ನ ಕೆಲಸ ಮಾರ್ಷಲಿಂಗ್, ಅಂದರೆ ಎಂಜಿನ್ ಹಿಂದೆ ಯಾವ ಬೋಗಿ ಯಾವ ಕ್ರಮದಲ್ಲಿ ಇರಬೇಕೆಂದು ನಿರ್ಧರಿಸುವುದು. ಎಂಜಿನ್ನಿನ ಕಿಡಿ ಸ್ಫೋಟಕಕ್ಕೆ ತಾಗದ ಹಾಗೆ ನಡುವೆ ಕನಿಷ್ಠ ಮೂರು ಬೇರೆ ಬೋಗಿಗಳಿರಬೇಕು ಎಂಬ ನಿಯಮ ಬರೆದವನೂ ನಾನೇ. ರಜೆಯಲ್ಲಿ ಊರಿಗೆ ಬಂದರೂ ಪ್ರತಿ ರೈಲಿನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿತ್ತು. ನಾನು ‘ಓಕೆ’ ಎಂದ ಮೇಲೆಯೇ ರೈಲು ಹೊರಡುವುದು.

ಆ ದಿನ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೊರಟಿದ್ದೆ. ವೇಣೂರು ದಾಟುವಾಗ ಫೋಟೊ ಬಂತು. ಕಳಿಸಿದವನು ಅಲ್ಲಿನ ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದ ನಮ್ಮ ವಿಟ್ಲದ ಹನೀಫ. ಎಂಜಿನ್, ಮೂರು ಬೋಗಿ, ಆಮೇಲೆ ಮದ್ದುಗುಂಡಿನ ವ್ಯಾಗನ್ನು. ಎಣಿಸಿ ‘ಓಕೆ’ ಒತ್ತಿದೆ. ಮತ್ತೆ ಯಾಕೋ ಫೋಟೊ ಹಿಗ್ಗಿಸಿ ನೋಡಿದೆ. ಆ ಮೂರಕ್ಕೂ ಕಿಟಕಿಗಳಿದ್ದವು; ಸರಕಿನವಲ್ಲ, ಪ್ರಯಾಣಿಕರ ಬೋಗಿಗಳು. ಒಂದು ಕಿಟಕಿಯಲ್ಲಿ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಕುಳಿತಿದ್ದಳು.

ತಕ್ಷಣ ಹನೀಫನಿಗೆ ಫೋನ್ ಹಚ್ಚಿದೆ. ರೈಲು ಹೊರಡಲು ಮುಕ್ಕಾಲು ಗಂಟೆಯೂ ಇರಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಕುಳಿತಲ್ಲಿ ಕೂರಲಾಗದೆ ಫುಟ್‌ಬೋರ್ಡಿಗೆ ಹೋಗಿ ಫೋನನ್ನು ಹೊರಗೆ ಚಾಚಿದೆ.

“ಒಳಗೆ ಬನ್ನಿ ಮಾರಾಯ್ರೆ, ಬಿದ್ದರೆ ನಮ್ಮ ತಲೆಗೆ ಬರ್ತದೆ” ಎಂದ ಕಂಡಕ್ಟರ್.

ಗುರುವಾಯನಕೆರೆಯಲ್ಲಿ ಇಳಿದು ಎದುರಿನ ಜೆರಾಕ್ಸ್ ಅಂಗಡಿಗೆ ನುಗ್ಗಿ, “ವೈಫೈ ಉಂಟಾ?” ಎಂದೆ. ಅಂಗಡಿಯಾಕೆ ನನ್ನ ಮುಖ ನೋಡಿ, ಏನೂ ಕೇಳದೆ ಪಾಸ್‌ವರ್ಡ್ ತಾನೇ ಒತ್ತಿಕೊಟ್ಟಳು. ಹನೀಫ ಸಿಕ್ಕಿದ. ರೈಲು ಇನ್ನೂ ನಿಂತಿತ್ತು.

“ಜನರನ್ನು ಯಾರು ಹತ್ತಿಸಿದ್ದು?”

“ಪದ್ಮಣ್ಣ, ಹತ್ತಿಸಿದ್ದು ಇಲ್ಲಿನ ಸೈನ್ಯದ ಮೇಜರ್. ಜನ ಇದ್ದರೆ ಬಂಡುಕೋರರು ರೈಲಿಗೆ ಗುಂಡು ಹೊಡೆಯುವುದಿಲ್ಲವಂತೆ. ಮೂರು ಬೋಗಿ ಅಂತ ನಿಮ್ಮ ನಿಯಮದಲ್ಲೇ ಉಂಟಲ್ಲ, ಅದನ್ನೇ ತೋರಿಸಿದರು. ನೀವು ಓಕೆ ಹೇಳಿದಿರಿ, ನಾನು ಎಂತ ಹೇಳುವುದು?”

ಅವನು ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ನಾಚಿಕೆಯಾಯಿತು. ‘ಓಕೆ’ ವಾಪಸ್ ಪಡೆದಿದ್ದೇನೆ, ಜನರನ್ನು ಇಳಿಸಿ ಅಲ್ಲಿಗೆ ಖಾಲಿ ವ್ಯಾಗನ್ ಜೋಡಿಸು ಎಂದೆ.

“ಇಳಿಸ್ತೇನೆ. ಇಳಿದ ಮೇಲೆ ಇವರು ಎಲ್ಲಿಗೆ ಹೋಗುವುದು? ಯುದ್ಧ ಇಲ್ಲಿಗೇ ಬರ್ತಾ ಉಂಟು.”

“ಮೊದಲು ಇಳಿಸು ಮಾರಾಯ!” ಎಂದು ಗದರಿದೆ.

ನನ್ನ ಒಪ್ಪಿಗೆ ಇಲ್ಲದೆ ಡ್ರೈವರ್ ಎಂಜಿನ್ ಹತ್ತಲಿಲ್ಲ. ಮೇಜರ್ ಕೂಗಾಡಿ ಸೋತ. ಜನ ಅಳುತ್ತ, ಬೋಗಿಯ ಬಾಗಿಲು ಹಿಡಿದುಕೊಂಡೇ ಇಳಿದರಂತೆ. ರೈಲು ಅವರನ್ನು ಬಿಟ್ಟು ಹೊರಟಿತು.

ನಿಶ್ಚಿತಾರ್ಥದ ಊಟಕ್ಕೆ ಎಲೆಯ ಮುಂದೆ ಕುಳಿತಾಗ ಹೊಳೆಯಿತು: ಯಾರ್ಡಿನಲ್ಲಿ ಇನ್ನೊಂದು ಎಂಜಿನ್ ಸುಮ್ಮನೆ ನಿಂತಿರುತ್ತದೆ. ಆ ಮೂರು ಬೋಗಿಗಳನ್ನು ಅದಕ್ಕೆ ಕಟ್ಟಿ ಬೇರೆಯೇ ಕಳಿಸಬಹುದಲ್ಲ! ಊಟ ಬಿಟ್ಟೆದ್ದು ಫೋನ್ ಮಾಡಿದೆ.

“ಜನ ಚದುರಿ ಹೋದರು ಪದ್ಮಣ್ಣ” ಎಂದ ಹನೀಫ. “ಇನ್ನು ಯಾರನ್ನು ಹುಡುಕುವುದು?”

ಮದ್ದುಗುಂಡಿನ ರೈಲು ಏನೂ ಆಗದೆ ತಲುಪಬೇಕಾದ ಊರು ಸೇರಿತು. ಐದನೆಯ ದಿನ ಯಾರ್ಡ್ ಇದ್ದ ಪಟ್ಟಣ ಯುದ್ಧಕ್ಕೆ ಸಿಕ್ಕಿತು. ಹನೀಫ ಲಾರಿ ಹತ್ತಿ ಪಾರಾದ. ರೈಲಿನಿಂದ ಇಳಿಸಿದ ಜನರ ಸುದ್ದಿ ಗೊತ್ತಿಲ್ಲ.

ಇಳಿಸಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆದರೆ ಅಪಾಯದಿಂದ ಜನರನ್ನು ದೂರ ಇಟ್ಟರೆ ನಮ್ಮ ಕೆಲಸ ಅರ್ಧ ಮಾತ್ರ ಮುಗಿಯುತ್ತದೆ. ಇಳಿಸಿದವರನ್ನು ಕ್ಷೇಮದ ಊರು ಮುಟ್ಟಿಸುವುದೂ ನನ್ನದೇ ಕೆಲಸವಾಗಿತ್ತು.