ಜ್ವರದ ದಿನ ಘಟ್ಟ ಹತ್ತಿದ ಪಟ್‌ಪಟಿ

ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಹಾಕಿದೆ. ಹಸು ಕರೆದೆ. ರೇಷ್ಮೆಹುಳುವಿನ ತಟ್ಟೆಗಳ ಕಸ ತೆಗೆದು ಸೊಪ್ಪು ಹೆಚ್ಚಿ ಉದುರಿಸಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ಮಗಳಿಗೆ ಜಡೆ ಹಾಕಿದೆ. ಕತ್ತು ಕೊಂಚ ಬಿಸಿ ಅನ್ನಿಸಿತು, ಬಿಸಿಲಲ್ಲಿ ಕೂತಿದ್ದಳಲ್ಲ ಅಂದುಕೊಂಡೆ. ಆಮೇಲೆ ಯಜಮಾನರಿಗೆ ಪಟ್‌ಪಟಿ ಒರೆಸಲು ಹಳೆಯ ಪಂಚೆ ಹರಿದು ಕೊಟ್ಟೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಮೋಟಾರು ಸೈಕಲ್ಲು ಅದು. ಯಳಂದೂರಿನ ರಿಪೇರಿಯವನೊಬ್ಬ ಓಡುವಂತೆ ಮಾಡಿಕೊಟ್ಟಿದ್ದ. ನಮ್ಮವರಿಗೆ ಅದರಲ್ಲಿ ಸಂತೆಗೋ ಕಚೇರಿಗೋ ಹೋಗುವ ಆಸೆ ಇರಲಿಲ್ಲ. ಹನೂರು ಬಿಟ್ಟು, ಲೊಕ್ಕನಹಳ್ಳಿ ದಾಟಿ, ಕಾಡೊಳಗಿನ ಘಟ್ಟದ ತಿರುವುಗಳನ್ನು ಹತ್ತಿ ಇಳಿದು ಬಂದರೆ ಸರಿ.

"ಸುಮ್ಕೆ ಯಾಕೋಯ್ತೀಯೋ?" ಎಂದು ಅತ್ತೆ ಕೇಳಿದರೆ, "ಗಾಳಿ ಕುಡ್ಕಂಡು ಬತ್ತೀನಿ ಕಣವ್ವ" ಅನ್ನುವರು.

"ಮನೇಲಿ ಮಜ್ಜಿಗೆ ಅದೆ, ಅದ ಕುಡೀಬಾರ್ದಾ?"

ನಮ್ಮ ಮನೆಯಲ್ಲಿ ರೇಷ್ಮೆಹುಳುವನ್ನು ಹುಳು ಅನ್ನುವ ಹಾಗಿರಲಿಲ್ಲ. ಅನ್ನ ಕೊಡುವ ಜೀವ, 'ಮಕ್ಳು' ಅನ್ನಿ ಎಂದು ಅತ್ತೆಯ ಕಟ್ಟಪ್ಪಣೆ. ಪೊರೆ ಬಿಡುವ ಮುಂಚೆ ಅವು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತವೆ. ಸಾಕುವವರೆಲ್ಲ ಅದಕ್ಕೆ ಜ್ವರ ಅನ್ನುವುದು. ಆಗ ಅವನ್ನು ಮುಟ್ಟಬಾರದು. ಸೊಪ್ಪಿನ ಕೆಲಸವೂ ಇಲ್ಲ, ಮನೆಯವರಿಗೆ ಬಿಡುವು. ಅವತ್ತು ಮೂರನೇ ಜ್ವರ ಬರುವ ಹಾಗಿತ್ತು.

"ಮಕ್ಳು ಜ್ವರಕ್ಕೆ ಕೂತ್ರೆ ಬಿದಿರು ಲಾರಿಯವನ ಕೈಲಿ ಏಳಿ ಕಳ್ಸು. ಲೊಕ್ಕನಹಳ್ಳಿ ಓಟ್ಲಲ್ಲಿ ಕಾಯ್ತಿರ್ತೀನಿ. ಸುದ್ದಿ ಬಂದ್ರೆ ಘಟ್ಟ ಅತ್ತೀನಿ, ಇಲ್ದಿದ್ರೆ ಸೊಪ್ಪು ಕುಯ್ಯಕ್ಕೆ ತಿರುಗ್ಸಿಕಂಡು ಬತ್ತೀನಿ" ಎಂದು ಹೇಳಿ ಹೊರಟರು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಮಗಳು ವಾಂತಿ ಮಾಡಿಕೊಂಡಳು. ಮೈ ಕೆಂಡವಾಗಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ ಹಾಗೇ ಕಣ್ಣು ಮೇಲೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಸೆಟೆದುಕೊಂಡಳು. ಇನ್ನೂ ಮಾತು ತೊದಲುವ ಮಗು. ಕೊಳ್ಳೇಗಾಲದ ಬಸ್ಸು ಆಗಲೇ ಹೋಗಿತ್ತು, ಮತ್ತೆ ಮಾರನೆಯ ದಿನವೇ. ಎತ್ತಿನ ಗಾಡಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕತ್ತಲಾಗುತ್ತದೆ. ಪಟ್‌ಪಟಿಯೊಂದೇ ದಾರಿ.

ರಸ್ತೆಗೆ ಓಡಿ ಲಾರಿಗೆ ಅಡ್ಡ ನಿಂತೆ. "ಅಣ್ಣಾ, ಲೊಕ್ಕನಹಳ್ಳಿ ಓಟ್ಲಲ್ಲಿ ನಮ್ಮೆಜಮಾನ್ರು ಅವ್ರೆ. ಮಗೀಗೆ ಜ್ವರ ಅಂತ ಏಳು. ಅಷ್ಟಂದ್ರೆ ಸಾಕು, ಆರ್ಕಂಡು ಬತ್ತಾರೆ."

"ಆಯ್ತು ಕಣಕ್ಕ, ನೀ ಓಗು."

ಅವನದು ಮನೆ ತುಂಬ ಮಕ್ಕಳಿರುವ ಸಂಸಾರ, ನಾನು ಮಗು ಅಂದದ್ದು ಅವನ ಬಾಯಲ್ಲಿ ಮಕ್ಕಳಾಯಿತು. ಅಲ್ಲಿ ಹೋಗಿ, "ನಿಮ್ ಮಕ್ಳಿಗೆ ಜ್ವರವಂತೆ ಸಾ" ಅಂದನಂತೆ. ಇವರು "ಒಳ್ಳೇದಾಯ್ತು ಬುಡು" ಎಂದು ನಕ್ಕು, ಅವನಿಗೊಂದು ಟೀ ಕೊಡಿಸಿ, ಗಾಡಿ ಹತ್ತಿ ಘಟ್ಟದ ಕಡೆ ಹೊರಟರಂತೆ. "ಮಕ್ಳಿಗೆ ಜ್ವರ ಅಂದ್ರೆ ನಗಾಡ್ಕಂಡು ಟೀ ಕೊಡ್ಸೋ ಅಪ್ಪನ್ನ ನಾನೆಲ್ಲೂ ಕಂಡಿಲ್ಲ ಕಣಕ್ಕ" ಎಂದು ಆಮೇಲೆ ಲಾರಿಯವನೇ ನನ್ನ ಹತ್ತಿರ ಹೇಳಿದ್ದು.

ಅವತ್ತು ನನಗೆ ಅದೆಲ್ಲ ಏನು ಗೊತ್ತು? ಈಗ ಬಂದಾರು, ಈಗ ಬಂದಾರು ಎಂದು ಎತ್ತಿನ ಗಾಡಿಯನ್ನೂ ಕಟ್ಟಿಸಲಿಲ್ಲ. ಪಕ್ಕದ ಮನೆಯಲ್ಲಿ ಹುರುಳಿ ಬಡಿಯುವ ಸದ್ದು ಕೂಡ ಪಟ್‌ಪಟಿಯ ಹಾಗೇ ಕೇಳುತ್ತಿತ್ತು. ಎದ್ದು ಬಾಗಿಲಿಗೆ ಹೋಗುವುದು, ಬಂದು ಕೂರುವುದು. ಬಟ್ಟೆ ಅದ್ದಿ ಹಾಕಿದರೆ ಆಗಲೇ ಒಣಗುತ್ತಿತ್ತು. ಮಗು ಇನ್ನೊಮ್ಮೆ ಸೆಟೆಯಿತು. ಒಳಗಿನ ಕೋಣೆಯಲ್ಲಿ ತಟ್ಟೆಯ ಮಕ್ಕಳೂ ಒಂದೊಂದಾಗಿ ತಲೆ ಎತ್ತಿ ಸುಮ್ಮನಾಗಿದ್ದವು. ಸೊಪ್ಪು ತಿನ್ನುವ ಸರಸರ ಸದ್ದು ನಿಂತು ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಅತ್ತೆ ದೇವರಿಗೆ ಹರಕೆ ಹೊತ್ತರು, ಆಮೇಲೆ ಅದೇ ದೇವರನ್ನು ಬೈದರು. ಇನ್ನು ಕಾಯುವುದಕ್ಕಾಗದು, ನಡೆದಾದರೂ ಹೋಗುತ್ತೇನೆಂದು ಮಗುವನ್ನು ಎತ್ತಿಕೊಂಡು ಬಾಗಿಲು ದಾಟುವಾಗ ಇವರು ಬಂದರು.

ಹೊತ್ತು ಇಳಿದಿತ್ತು. ಜೇಬಿನ ತುಂಬ ಬೆಟ್ಟದ ನೆಲ್ಲಿಕಾಯಿ, ಮುಖದ ತುಂಬ ಧೂಳು, ನಗು. "ಮಕ್ಳು ಎಂಗವೆ? ಎಲ್ಲಾ ಕೂತ್ವಾ?"

"ನಿಮ್ಮ ಮಗಳ್ನ ನೋಡಿ ಮೊದ್ಲು" ಅಂದೆ. ತೋಳಲ್ಲಿದ್ದವಳನ್ನು ಅವರ ಮುಂದೆ ಹಿಡಿದೆ. ಮಗುವಿನ ಮುಖ ನೋಡಿ, ಹಣೆ ಮುಟ್ಟಿ, ಅವರು ಬಾಗಿಲ ಕಂಬ ಹಿಡಿದುಕೊಂಡರು.

"ಲಾರಿಯವ ಮಕ್ಳಿಗೆ ಅಂದ ಕಣೇ... ಮಕ್ಳಿಗೆ ಅಂದ."

ಘಟ್ಟ ನೋಡಲು ಬಾ ಎಂದು ಎಷ್ಟು ಸಲ ಕರೆದರೂ ನಾನು ಆ ಪಟ್‌ಪಟಿ ಹತ್ತಿರಲಿಲ್ಲ. ಅವತ್ತು ಮಗುವನ್ನು ಎದೆಗೆ ಕಟ್ಟಿಕೊಂಡು ಹತ್ತಿದೆ. ಅತ್ತೆ ಮುದ್ದೆಯ ಗಂಟು ತುರುಕಿದರು. ಪೆಟ್ರೋಲನ್ನೆಲ್ಲ ಘಟ್ಟವೇ ಕುಡಿದಿತ್ತು. ಮಧುವನಹಳ್ಳಿ ಹತ್ತಿರ ಗಾಡಿ ನಿಂತುಹೋಯಿತು. ಎರಡು ಸಲ ಒದ್ದರು, ಅಲ್ಲೇ ಬೇಲಿಗೆ ಒರಗಿಸಿ ಮಗುವನ್ನು ತೋಳಿಗೆ ಎತ್ತಿಕೊಂಡು ಓಡಿದರು. ನಾನು ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದೆ. "ಉಸಿರು ಅದಾ?" "ಅದೆ, ನಡೀ." ದಾರಿಯುದ್ದಕ್ಕೂ ಅದೇ ಮಾತು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಡಾಕ್ಟರು, "ಇಷ್ಟೊತ್ತು ಏನ್ಮಾಡ್ತಿದ್ರಿ?" ಎಂದು ಗದರಿದರು. ಹೇಳಿದರೆ ಯಾರಿಗೆ ತಿಳಿಯುತ್ತಿತ್ತು? ಬೆವರಿದರೆ ಉಳಿಯುತ್ತಾಳೆ ಎಂದು ಹೇಳಿ ಅವರು ಹೋದರು.

ಮಂಚದ ಪಕ್ಕ ನೆಲದಲ್ಲಿ ಕೂತೆವು. ಗಂಟು ಬಿಚ್ಚಿದೆ: ತಣ್ಣಗಾದ ಮುದ್ದೆ, ಹುಚ್ಚೆಳ್ಳು ಚಟ್ನಿ. ನಾನು ಎರಡು ತುತ್ತು ನುಂಗಿದೆ. ಅವರು ಮುದ್ದೆ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು. ಮಗುವಿನ ಹಣೆಯ ಕಡೆ ಕೈ ಚಾಚಿ, ಜ್ವರದಲ್ಲಿ ಮುಟ್ಟಬಾರದು ಎಂಬಂತೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನಾನೇ ಮುಟ್ಟಿ ನೋಡಿದೆ. ಜಡೆಯ ಬುಡ ಬೆವರಿಗೆ ಒದ್ದೆಯಾಗಿತ್ತು. ಅವರ ಬೆರಳನ್ನು ಹಿಡಿದು ಅಲ್ಲಿಟ್ಟೆ. ಆಗ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡರು. ಜೇಬಿನ ನೆಲ್ಲಿಕಾಯಿ ತಿಂದು ನೀರು ಕುಡಿದೆವು.

ಮೊದಲು ನಿದ್ದೆ ಹೋದದ್ದು ಮಗಳು. ಅದು ನಿದ್ದೆಯೇ ಎಂದು ನಂಬಲು ಧೈರ್ಯ ಸಾಲದೆ, ನಾವಿಬ್ಬರೂ ಅವಳ ಮೂಗಿನ ಹತ್ತಿರ ಸರದಿಯ ಮೇಲೆ ಕೈ ಹಿಡಿದು ಕೂತೆವು.