ಜುರೇಮಾ ಅವರ ಸರದಿ

ಜುರೇಮಾ ಅವರನ್ನು ನಾನು ಮೊದಲು ಕಂಡದ್ದು ೨೦೦೪ರ ಮಾರ್ಚ್ ತಿಂಗಳಲ್ಲಿ, ಒಂದು ದೂರು ಹೇಳಲು ಹೋಗಿದ್ದ ದಿನ. ನನ್ನ ಮಗಳು ಶೋಭನಾ ಮತ್ತು ಅಳಿಯ ಗೋಪೀನಾಥ ಸ್ವೀಡನ್ನಿನ ಟೋರ್ಸ್‌ಲಾಂಡದಲ್ಲಿ ಕಾರು ಕಾರ್ಖಾನೆಯ ಎಂಜಿನಿಯರುಗಳು. ನಿವೃತ್ತನಾದ ಮೇಲೆ ವರ್ಷಕ್ಕೆ ಮೂರು ತಿಂಗಳು ಅವರೊಡನೆ ಇದ್ದು ಬರುವುದು ನನ್ನ ರೂಢಿ. ಮೊಮ್ಮಗಳು ಆರಾಧ್ಯಾಳನ್ನು ಡಾಗಿಸ್‌ಗೆ, ಎಂದರೆ ಅಲ್ಲಿನ ಶಿಶುವಿಹಾರಕ್ಕೆ, ಬಿಟ್ಟು ಕರೆತರುವ ಕೆಲಸ ನನ್ನದು. ಹಿಂದಿನ ಸಂಜೆ ಮಗು, "ಇವತ್ತು ಉಂಡೆ ತಿಂದೆ" ಎಂದು ಹೇಳಿತ್ತು. ಅದು ಮಾಂಸದುಂಡೆಯೇ ಇರಬೇಕೆಂದು ಶೋಭನಾ ಕಂಗಾಲಾಗಿದ್ದಳು.

ಅಡುಗೆಮನೆಯ ಬಾಗಿಲು ತಟ್ಟಿದೆ. ಐವತ್ತರ ಸಮೀಪದ, ಗುಂಗುರು ಕೂದಲಿನ ಗಟ್ಟಿ ಹೆಂಗಸೊಬ್ಬರು ಸೌಟು ಹಿಡಿದೇ ಹೊರಗೆ ಬಂದರು. ನಾನು ನನ್ನ ಶಾಲಾ ಇಂಗ್ಲಿಷಿನಲ್ಲಿ ವಿಷಯ ವಿವರಿಸಿದೆ. ಅವರು ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ ಉತ್ತರಿಸಿದರು.

"ಬಟಾಣಿ ಉಂಡೆ. ನಾನೇ ಮಾಡಿದ್ದು. ನೋಡಿ, ಗೋಡೆಯಲ್ಲಿ ಪಟ್ಟಿ ಇದೆ. ಆರಾಧ್ಯಾ: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ."

"ಕ್ಷಮಿಸಿ, ನಮಗೆ ಗೊತ್ತಿರಲಿಲ್ಲ."

"ನಿಮಗೂ ಒಂದು ಕೊಡಲೇ? ನಾಳೆ ಪೊಲೀಸರು ಬಂದರೆ ನೀವೇ ಸಾಕ್ಷಿ."

ಉಂಡೆ ಚೆನ್ನಾಗಿತ್ತು. ನಾನು ಮೇಷ್ಟ್ರು ಎಂದು ತಿಳಿದ ಮೇಲೆ ಅವರು ನನ್ನನ್ನು 'ಮಾಸ್ಟರ್' ಎಂದೇ ಕರೆಯತೊಡಗಿದರು. ಮಧ್ಯಾಹ್ನ ಎರಡೂವರೆಗೆ ಪಾತ್ರೆ ತೊಳೆದು ಮುಗಿಸಿ ಅವರು ಕಾಫಿಗೆ ಕೂರುತ್ತಿದ್ದರು. ಮಗುವನ್ನು ಕರೆತರಲು ನಾನು ಅರ್ಧ ಗಂಟೆ ಮೊದಲೇ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಅವರ ಕಥೆಯನ್ನು ನಾನು ಕೇಳಿದ್ದು ಹಾಗೆ, ಎರಡು ಬೇಸಿಗೆಗಳ ಕಾಫಿಯಲ್ಲಿ.

ಅವರು ಹುಟ್ಟಿದ್ದು ಬ್ರೆಜಿಲ್ ದೇಶದ ಈಶಾನ್ಯದಲ್ಲಿ, ಒಣಭೂಮಿಯ ಒಂದು ಸಣ್ಣ ಪಟ್ಟಣದಲ್ಲಿ. ತಂದೆ ಜೂನ್ ತಿಂಗಳ ಹಬ್ಬಗಳಲ್ಲಿ ಅಕಾರ್ಡಿಯನ್ ನುಡಿಸುವವರು. ಮಗಳು ಪಕ್ಕದಲ್ಲಿ ನಿಂತು ಕಬ್ಬಿಣದ ತ್ರಿಕೋನವೊಂದನ್ನು ಕಂಬಿಯಿಂದ ಬಾರಿಸುತ್ತ ಹಾಡುವವಳು. ಹದಿನಾಲ್ಕರಲ್ಲಿ ರೇಡಿಯೋ ಸ್ಪರ್ಧೆಯೊಂದನ್ನು ಗೆದ್ದರು. ಇಪ್ಪತ್ತೆರಡರಲ್ಲಿ ರೆಕಾರ್ಡು ಬಂತು. ಅದರ ಹೊದಿಕೆಯನ್ನು ಒಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ತೋರಿಸಿದರು: ಚರ್ಮದ ಟೋಪಿ ಹಾಕಿಕೊಂಡು ನಗುತ್ತಿದ್ದ ತೆಳ್ಳಗಿನ ಹುಡುಗಿ. ಊರು ಬಿಟ್ಟುಹೋದ ನಲ್ಲನಿಗೆ 'ನೀನು ಹೋದ ಮೇಲೆ ನಮ್ಮ ಮೇಕೆ ಎರಡು ಸಲ ಮರಿ ಹಾಕಿತು' ಎಂದು ಹೆಣ್ಣೊಬ್ಬಳು ಹೇಳಿ ಕಳಿಸುವ ಹಾಡು ಅದರಲ್ಲಿತ್ತು. ಮೂರು ವರ್ಷ, ಜೂನ್ ಬಂತೆಂದರೆ ಆ ಸೀಮೆಯ ಪ್ರತಿಯೊಂದು ಅಂಗಡಿಯಲ್ಲೂ ಅದೇ ಹಾಡಂತೆ. ಬಸ್ಸಿನಲ್ಲಿ ಕುಳಿತರೆ ಟಿಕೆಟ್ ಕೇಳುತ್ತಿರಲಿಲ್ಲವಂತೆ.

ಆಮೇಲೆ ಕಾಲ ಬದಲಾಯಿತು. ಅಕಾರ್ಡಿಯನ್ ಇದ್ದ ಕಡೆ ಕೀಬೋರ್ಡು ಬಂತು, ಎರಡನೆಯ ರೆಕಾರ್ಡು ಯಾರಿಗೂ ಬೇಡವಾಯಿತು. ಸಮುದ್ರತೀರದ ಹೋಟೆಲಿನಲ್ಲಿ ಪ್ರವಾಸಿಗಳಿಗೆ ಹಾಡುತ್ತಿದ್ದಾಗ ಬೆಂಗ್ಟ್ ಎಂಬ ಸ್ವೀಡಿಷ್ ಮೆಕ್ಯಾನಿಕ್ ಸಿಕ್ಕಿದರು. ೧೯೯೬ರ ನವೆಂಬರಿನಲ್ಲಿ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಐದು ವರ್ಷಗಳ ಬಳಿಕ ಜಗಳವಿಲ್ಲದೆ ಬೇರೆಯಾದರು. ಹಾಡಿ ಬದುಕೋಣವೆಂದು ಹೊರಟರೆ ಇಲ್ಲಿನ ರೆಸ್ಟೋರೆಂಟಿನವರೆಲ್ಲ ಕೇಳಿದ್ದು ಸಾಂಬಾ ಕುಣಿತ, ತಲೆಯ ಮೇಲೆ ಗರಿ.

"ಮಾಸ್ಟರ್, ನಮ್ಮೂರಲ್ಲಿ ಗರಿ ಇರುವುದು ಕೋಳಿಗೆ" ಎಂದರು ಜುರೇಮಾ. ಗರಿ ಒಲ್ಲದೆ ಅಡುಗೆಮನೆ ಸೇರಿದರು.

೨೦೦೬ರ ಮಾರ್ಚಿನಲ್ಲಿ ನಾನು ಮತ್ತೆ ಹೋದಾಗ ಅವರ ಮುಖದಲ್ಲಿ ಹೊಸ ಕಳೆಯಿತ್ತು. ಹತ್ತಿರದ ಮಕ್ಕಳ ಸಂಗೀತಶಾಲೆಯೊಂದಕ್ಕೆ ಹಾಡು ಕಲಿಸುವವರು ಬೇಕಾಗಿದ್ದರು. ಅದರ ಮುಖ್ಯಸ್ಥೆ ಮಾರ್ಗರೇಟಾ ಎಂಬವರು ಸ್ಪಷ್ಟವಾಗಿ ಹೇಳಿದ್ದರು: "ನಿಮ್ಮಲ್ಲಿ ಸರ್ಟಿಫಿಕೇಟ್ ಇಲ್ಲ, ಹಳೆಯ ರೆಕಾರ್ಡು ನನಗೆ ಸಾಲದು. ಜನರೆದುರು, ಮಕ್ಕಳೆದುರು ನೀವು ಹಾಡುವುದನ್ನು ಒಮ್ಮೆ ಕೇಳಬೇಕು. ಏಪ್ರಿಲ್ ಎರಡನೆಯ ಸೋಮವಾರ ನಮ್ಮ ತೀರ್ಮಾನ; ಅದಕ್ಕೆ ಮೊದಲು ಆಗಬೇಕು."

"ಐವತ್ತೆರಡು ವರ್ಷ ನನಗೆ. ಇನ್ನೊಂದು ಸಲ ಯಾರೂ ಕೇಳುವುದಿಲ್ಲ. ಆದರೆ ಜನ ಎಲ್ಲಿ, ಮಾಸ್ಟರ್? ವೇದಿಕೆ ಎಲ್ಲಿ?"

ನಮ್ಮಲ್ಲಿದೆ ಎಂದೆ. ಕನ್ನಡ ಕೂಟದ ಯುಗಾದಿ ಆಚರಣೆ ಆ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಸಂಜೆ ನಾಲ್ಕಕ್ಕೆ ಎಂದು ಗೊತ್ತಾಗಿತ್ತು. ಜುರೇಮಾ ಅವರ ಹಾಡು ನಾಲ್ಕೂವರೆಗೆ ಎಂದು ಮಾರ್ಗರೇಟಾ ಅವರಿಗೆ ತಿಳಿಸಿದೆವು. ಬರುತ್ತೇನೆ, ಆದರೆ ಆರು ಹತ್ತರ ಬಸ್ಸಿಗೆ ಹೊರಡಬೇಕು ಎಂದು ಅವರು ಉತ್ತರ ಬರೆದರು.

ಕಾರ್ಯಕ್ರಮದ ಪಟ್ಟಿ ಮಾಡಲು ಕೂಟದವರು ನಮ್ಮ ಮನೆಯಲ್ಲೇ ಸೇರಿದ್ದರು. ಅಧ್ಯಕ್ಷರು ರಾಮಮೂರ್ತಿ, ಬೆಂಗಳೂರಿನವರು, ಬಹಳ ಉತ್ಸಾಹಿ.

"ಮೇಷ್ಟ್ರೇ, ರೆಕಾರ್ಡ್ ಕೊಟ್ಟಿರೋ ಸಿಂಗರ್ ಅಂತೀರಿ. ಅವರನ್ನ ಚಿಳ್ಳೆಪಿಳ್ಳೆ ಡ್ಯಾನ್ಸ್ ಮಧ್ಯೆ ತುರುಕೋದಾ? ಲಾಸ್ಟ್‌ಗೆ ಇಡೋಣ ಸಾರ್. ಅದೇ ಮರ್ಯಾದೆ."

"ಆ ಸಂಗೀತಶಾಲೆಯವರು ಆರು ಗಂಟೆಗೆ ಎದ್ದು ಹೋಗ್ತಾರೆ" ಎಂದ ಗೋಪೀನಾಥ.

"ಅಯ್ಯೋ, ನಾಲ್ಕಕ್ಕೆ ಶುರು ಮಾಡಿದ್ರೆ ಐದಕ್ಕೆಲ್ಲ ಮುಗಿಯುತ್ತೆ ಕಣಪ್ಪಾ!"

"ನೀವು ಯಾವತ್ತು ನಾಲ್ಕು ಅಂದು ನಾಲ್ಕಕ್ಕೆ ಶುರು ಮಾಡಿದೀರಾ? ಹೋದ್ಸಲ ದೀಪ ಹಚ್ಚೋಕೇ ಐದಾಗಿತ್ತು."

ಎಲ್ಲರೂ ನಕ್ಕು ನನ್ನ ಕಡೆ ನೋಡಿದರು. ನಮ್ಮ ಊರುಗಳಲ್ಲಿ ಎಳೆಯರು ಮೊದಲು ಹಾಡುತ್ತಾರೆ, ಹಿರಿಯ ಕಲಾವಿದರು ಕೊನೆಗೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ಮೂವತ್ತೆರಡು ವರ್ಷ ನಾನೇ ಹಾಗೆ ಪಟ್ಟಿ ಮಾಡಿದವನು. ಹಾಡು ಕಿವಿಗೆ ಬಿದ್ದರೆ ಮಾರ್ಗರೇಟಾ ಹತ್ತು ನಿಮಿಷ ಕಾಯಲಾರರೇ ಎಂದೂ ಅನ್ನಿಸಿತು. "ಕೊನೆಗೇ ಇರಲಿ" ಎಂದೆ. ಜುರೇಮಾ ಅವರಿಗೆ ಮಾತ್ರ ಹೇಳಲಿಲ್ಲ. ಆ ದಿನವೇ ಹೇಳಿ ಸಂತೋಷಪಡಿಸೋಣ ಎಂದುಕೊಂಡೆ.

ಶನಿವಾರ ದೀಪ ಹಚ್ಚಿದಾಗ ನಾಲ್ಕು ಮುಕ್ಕಾಲು. ಮಾರ್ಗರೇಟಾ ಮೂರು ಐವತ್ತೈದಕ್ಕೇ ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು. ನೀಲಿ ಉಡುಪು ತೊಟ್ಟು ತ್ರಿಕೋನ ಹಿಡಿದಿದ್ದ ಜುರೇಮಾ ಪರದೆಯ ಬಳಿ ನನ್ನನ್ನು ನಿಲ್ಲಿಸಿದರು.

"ನಾನು ಯಾವಾಗ?"

"ಕೊನೆಗೆ. ದೊಡ್ಡವರು ಕೊನೆಗೆ ಹಾಡುವುದು ನಮ್ಮಲ್ಲಿ ಗೌರವ."

ಅವರು ಎರಡನೆಯ ಸಾಲಿನ ಕಡೆ ನೋಡಿದರು. "ನನಗೆ ಗೌರವ ಬೇಡ, ಮಾಸ್ಟರ್. ನನ್ನನ್ನು ಈಗಲೇ ಕಳಿಸಿ."

ನಿರೂಪಣೆ ಮಾಡುತ್ತಿದ್ದ ಪಾವನಾಳ ಬಳಿಗೆ ಓಡಿದೆ. "ಇದೊಂದು ಡ್ಯಾನ್ಸ್ ಆಗ್ಲಿ ಅಂಕಲ್, ಮಕ್ಕಳು ಮೇಕಪ್ ಹಾಕ್ಕೊಂಡು ನಿಂತಿದಾರೆ, ಕಳಿಸ್ದೆ ಇದ್ರೆ ಅಳ್ತಾರೆ. ನೆಕ್ಸ್ಟ್ ಅವರೇ" ಎಂದಳು. ನೃತ್ಯದ ನಡುವೆ ಸಿಡಿ ನಿಂತುಹೋಯಿತು. ತಾಯಂದಿರು ಒಪ್ಪಲಿಲ್ಲ, ಮಕ್ಕಳು ಮೊದಲಿನಿಂದ ಕುಣಿದರು. ಅಷ್ಟರಲ್ಲಿ ರಾಮಮೂರ್ತಿಯವರು ಮುಖ್ಯ ಅತಿಥಿಗಳನ್ನು ವೇದಿಕೆಗೆ ಕರೆದುಬಿಟ್ಟರು. ಲಕ್ಷ್ಮೀನಾರಾಯಣ ಎಂಬ ಆ ಹಿರಿಯರು ಎಸ್ಕಿಲ್‌ಸ್ಟುನಾದಿಂದ ರೈಲಿನಲ್ಲಿ ಬಂದಿದ್ದರು. "ಐದೇ ನಿಮಿಷ ಮಾತಾಡ್ತೀನಿ" ಎಂದವರು ಮೂವತ್ತು ನಿಮಿಷ ಮಾತನಾಡಿದರು. ಅಷ್ಟು ದೂರದಿಂದ ಬಂದವರನ್ನು ಕೂರಿಸುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಬಳಿಕ ಅವರಿಗೆ ಶಾಲು, ಹಾರ, ಫೋಟೋ.

ಆರಕ್ಕೆ ಮಾರ್ಗರೇಟಾ ಎದ್ದು, ಅಕ್ಕಪಕ್ಕದವರಿಗೆ ತಲೆಬಾಗಿ, ಕೋಟು ತೊಟ್ಟರು. ನಾನು ಅವರ ಹಿಂದೆಯೇ ಹೊರಗೆ ಹೋದೆ.

"ದಯವಿಟ್ಟು ಹತ್ತು ನಿಮಿಷ. ಮುಂದಿನದು ಅವರದೇ. ತಪ್ಪು ನನ್ನದು, ಅವರದಲ್ಲ."

"ನಂಬುತ್ತೇನೆ" ಎಂದರು ಅವರು ಮೃದುವಾಗಿ. "ಆದರೆ ಇವತ್ತು ನನ್ನ ಗಾಯನವೃಂದದ ಅಭ್ಯಾಸವಿದೆ; ಅಲ್ಲಿ ನನಗಾಗಿ ಇಪ್ಪತ್ತೆರಡು ಜನ ಹಾಡುಗಾರರು ಕಾಯುತ್ತಿರುತ್ತಾರೆ. ಅವರನ್ನು ಕಾಯಿಸಲಾರೆ."

ಬಸ್ಸು ಸರಿಯಾದ ಸಮಯಕ್ಕೆ ಬಂತು.

ಜುರೇಮಾ ವೇದಿಕೆ ಹತ್ತಿದಾಗ ಆರೂ ಇಪ್ಪತ್ತು. ಹಿಂದುಗಡೆ ಬಿಸಿಬೇಳೆಬಾತಿನ ಸಾಲು ಆಗಲೇ ಬೆಳೆದಿತ್ತು. ಅವರು ಹಾಡದೆ ಇಳಿದುಬಿಡಬಹುದಿತ್ತು, ಇಳಿಯಲಿಲ್ಲ. ಮೇಕೆಯ ಹಾಡನ್ನೇ ಹಾಡಿದರು. ಆ ಕಂಠ ನಾನು ಊಹಿಸಿದ್ದಕ್ಕಿಂತ ದಪ್ಪ, ತುಸು ಬಿರುಸು, ಸುಡುಬಿಸಿಲಿನಲ್ಲಿ ದೂರದಿಂದ ಯಾರನ್ನೋ ಕೂಗಿ ಕರೆದಂತೆ. ತಟ್ಟೆ ಹಿಡಿದವರು ನಿಂತಲ್ಲೇ ನಿಂತರು. ಮೇಕಪ್ಪಿನ ಮಕ್ಕಳೆಲ್ಲ ವೇದಿಕೆಯ ಅಂಚಿಗೆ ಬಂದು ಅವರ ಜೊತೆ ತಾಳ ಹಾಕತೊಡಗಿದರು. ಮಾರ್ಗರೇಟಾ ನೋಡಬೇಕೆಂದಿದ್ದುದು ಅದನ್ನೇ.

"ಸಖತ್ತಾಗಿ ಹಾಡಿದ್ರಿ ಮೇಡಂ!" ಎಂದು ರಾಮಮೂರ್ತಿಯವರು ಶಾಲು ಹೊದಿಸಿದರು. ಜುರೇಮಾ ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟು, ಊಟ ಮಾಡದೆ ಹೊರಟುಹೋದರು.

ಭಾನುವಾರ ಪೂರ್ತಿ ಕುಳಿತು ನಾನು ಮಾರ್ಗರೇಟಾ ಅವರಿಗೆ ಪತ್ರ ಬರೆದೆ. ಸೋಮವಾರ ಬೆಳಿಗ್ಗೆ ಗೋಪೀನಾಥ ಅದನ್ನು ಕೈಯಾರೆ ತಲುಪಿಸಿದ. ವಾರದ ನಂತರ ಉತ್ತರ ಬಂತು. ಕೇಳದ ಹಾಡಿಗೆ ಅಂಕ ಕೊಡಲು ಬರುವುದಿಲ್ಲ, ಸರ್ಟಿಫಿಕೇಟ್ ಇದ್ದ ಇಪ್ಪತ್ತಾರರ ತರುಣಿಯೊಬ್ಬರನ್ನು ಆಯ್ಕೆ ಮಾಡಿದ್ದೇವೆ, ಜುರೇಮಾ ಅವರ ಹೆಸರನ್ನು ಬದಲಿ ಶಿಕ್ಷಕರ ಪಟ್ಟಿಗೆ ಸೇರಿಸಿದ್ದೇವೆ ಎಂದಿತ್ತು. ನನ್ನ ವೃತ್ತಿಯಲ್ಲಿದ್ದವನಿಗೆ ಆ ಮೊದಲ ಮಾತಿನಲ್ಲಿ ತಪ್ಪು ಹುಡುಕುವುದು ಸಾಧ್ಯವಿರಲಿಲ್ಲ.

ಮೂರು ವಾರ ಜುರೇಮಾ ನನ್ನೊಡನೆ ಆರಾಧ್ಯಾಳ ಊಟದ ವಿಷಯ ಬಿಟ್ಟು ಬೇರೇನೂ ಆಡಲಿಲ್ಲ. ನಾನು ಕ್ಷಮೆ ಕೇಳಿದ ದಿನ ಕಾಫಿಯ ಲೋಟ ನನ್ನ ಮುಂದೆ ತಳ್ಳಿ, "ನಮ್ಮೂರಲ್ಲೂ ಎಲ್ಲ ಮೂರು ಗಂಟೆ ತಡ, ಮಾಸ್ಟರ್. ನಾನೇ ಸಾವಿರ ಜನರನ್ನು ಕಾಯಿಸಿದ್ದೇನೆ. ಹಾಗಾಗಿ ನಿಮ್ಮ ಮೇಲೆ ಸಿಟ್ಟು ಬರಬಾರದು ಎಂದುಕೊಂಡೆ" ಎಂದರು. ತಮ್ಮ ಲೋಟಕ್ಕೂ ಕಾಫಿ ಬಗ್ಗಿಸಿಕೊಂಡು, "ಬರುತ್ತದೆ" ಎಂದರು.

ನಾನು ಆ ಕಾಫಿ ಕುಡಿದೆ.

ಇದನ್ನು ಬರೆಯುತ್ತಿರುವುದು ೨೦೦೯ರ ಮೇ ತಿಂಗಳಲ್ಲಿ. ಜುರೇಮಾ ಈಗಲೂ ಅದೇ ಡಾಗಿಸ್‌ನ ಅಡುಗೆಮನೆಯಲ್ಲಿದ್ದಾರೆ. ಸಂಗೀತಶಾಲೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬೆಳಿಗ್ಗೆ ಏಳರಿಂದ ಎಂಟರೊಳಗೆ ಕರೆ ಬರುತ್ತದೆ. ಆಗ ಡಾಗಿಸ್‌ನವರು ಅವರನ್ನು ಆ ದಿನದ ಮಟ್ಟಿಗೆ ಬಿಟ್ಟುಕೊಡುತ್ತಾರೆ. ಕಳೆದ ವರ್ಷ ಹನ್ನೊಂದು ದಿನ ಹಾಗೆ ಕಲಿಸಿ ಬಂದರು. ಈ ವರ್ಷ ಇದುವರೆಗೆ ನಾಲ್ಕು. ದಿನವೂ ಆ ಒಂದು ಗಂಟೆ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಆಲೂಗಡ್ಡೆ ಸುಲಿಯುತ್ತಾರೆ, ಎಲ್ಲಿ ಕೇಳಿಸದೆ ಹೋದೀತೋ ಎಂದು ನಲ್ಲಿಯ ನೀರನ್ನು ಸಣ್ಣಗೆ ಬಿಟ್ಟುಕೊಂಡು.